ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲಿಗೆ ಕಡಿಮೆ ಬೆಲೆಯ ವೈಫೈ ರೂಟರ್: ಆಯ್ಕೆ, ಜೋಡಣೆ, ಸೆಟ್ಟಿಂಗ್

ಎರಡು ನಿಂಟೆಂಡೊ ಸ್ವಿಚ್‌ಗಳನ್ನು ಒಂದೇ ಕೋಣೆಯಲ್ಲಿಟ್ಟುಕೊಂಡು ಅಣ್ಣ ತಮ್ಮ ಮಾರಿಯೋ ಕಾರ್ಟ್ ಆಡುವುದಕ್ಕೆ ರೂಟರೇ ಬೇಡ. ಲೋಕಲ್ ವೈರ್‌ಲೆಸ್ ಆಟದಲ್ಲಿ ಕನ್ಸೋಲ್‌ಗಳು ನೇರವಾಗಿ ಒಂದರೊಡನೊಂದು ಮಾತಾಡಿಕೊಳ್ಳುತ್ತವೆ. ಪಿಎಸ್‌ಪಿಯ ಆಡ್‌ಹಾಕ್ ಮೋಡ್ ಕೂಡ ಹೀಗೇ. ರೂಟರ್ ಬೇಕಾಗುವುದು ಮೂರು ಕೆಲಸಕ್ಕೆ: ಆಟ ಮತ್ತು ಅಪ್‌ಡೇಟ್ ಇಳಿಸಿಕೊಳ್ಳಲು, ದೂರದಲ್ಲಿರುವವರ ಜೊತೆ ಆನ್‌ಲೈನ್ ಆಡಲು, ಮನೆಯ ಪಿಸಿಯಲ್ಲೋ ಪಿಎಸ್5ನಲ್ಲೋ ಓಡುತ್ತಿರುವ ಆಟವನ್ನು ಕೈಯಲ್ಲಿರುವ ಪರದೆಗೆ ಸ್ಟ್ರೀಮ್ ಮಾಡಲು.

ಈ ಮೂರು ಕೆಲಸಗಳು ರೂಟರಿನಿಂದ ಕೇಳುವುದು ಬೇರೆ ಬೇರೆ. ಇಳಿಸಿಕೊಳ್ಳಲು ವೇಗ ಬೇಕು. ಆನ್‌ಲೈನ್ ಆಟಕ್ಕೆ ವೇಗ ಹೆಚ್ಚು ಬೇಡ; ಸ್ವಿಚ್‌ಗೆ ನಿಂಟೆಂಡೊ ಹೇಳುವ ಕನಿಷ್ಠ ಮಟ್ಟವೇ ಡೌನ್‌ಲೋಡ್ 3 ಎಂಬಿಪಿಎಸ್, ಅಪ್‌ಲೋಡ್ 1 ಎಂಬಿಪಿಎಸ್. ಅಲ್ಲಿ ಬೇಕಾಗುವುದು ನಡುನಡುವೆ ತಡವರಿಸದ ಸಂಪರ್ಕ. ಸ್ಟ್ರೀಮಿಂಗ್‌ಗೆ ಎರಡೂ ಬೇಕು. ಹಾಗಾಗಿ ಅಂಗಡಿಯಲ್ಲಿ ಆರು ಆಂಟೆನಾದ ರೂಟರಿಗೆ ಐದಾರು ಸಾವಿರ ಸುರಿಯುವ ಬದಲು ಎರಡು, ಎರಡೂವರೆ ಸಾವಿರದ ಸಾಧಾರಣ ರೂಟರ್ ತಂದು, ಮಿಕ್ಕ ಹಣದಲ್ಲಿ ಆಡುವ ಕೋಣೆಯವರೆಗೆ ಒಳ್ಳೆಯ ಲ್ಯಾನ್ ಕೇಬಲ್ ಎಳೆಸಿ. ಹೆಚ್ಚಿನ ಮನೆಗಳಲ್ಲಿ ಇದರಿಂದ ಸಿಗುವ ಫಲ ದುಬಾರಿ ರೂಟರಿನಿಂದ ಸಿಗುವುದಿಲ್ಲ.

ನಿಮ್ಮ ಕನ್ಸೋಲಿಗೆ ಯಾವ ವೈಫೈ ಗೊತ್ತು?

ಮೊದಲು ನೋಡಬೇಕಾದದ್ದು ರೂಟರಿನ ಡಬ್ಬವನ್ನಲ್ಲ, ಕನ್ಸೋಲನ್ನು. ಅದಕ್ಕೆ ಅರ್ಥವಾಗದ ವೈಫೈಗೆ ದುಡ್ಡು ಕೊಟ್ಟರೆ ಅದು ವ್ಯರ್ಥ.

2017ರ ಸ್ವಿಚ್, 2019ರ ಸ್ವಿಚ್ ಲೈಟ್, 2021ರ ಓಎಲ್‌ಇಡಿ ಸ್ವಿಚ್ ಮೂರೂ 802.11 ಎಸಿ, ಅಂದರೆ ವೈಫೈ 5ರವರೆಗೆ ಹೋಗುತ್ತವೆ, 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡೂ ಬ್ಯಾಂಡನ್ನು (ಅಲೆಯ ಪಟ್ಟಿಯನ್ನು) ಹಿಡಿಯುತ್ತವೆ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ಕ್ಕೆ ವೈಫೈ 6 ಬರುತ್ತದೆ. ಸ್ಟೀಮ್ ಡೆಕ್‌ನ 2022ರ ಎಲ್‌ಸಿಡಿ ಮಾದರಿ ವೈಫೈ 5. 2023ರ ಓಎಲ್‌ಇಡಿ ಮಾದರಿ ವೈಫೈ 6ಇ. ಪ್ಲೇಸ್ಟೇಷನ್ ಪೋರ್ಟಲ್ ಇಡೀ ದಿನ ಸ್ಟ್ರೀಮಿಂಗ್ ಮೇಲೇ ಬದುಕುವ ಯಂತ್ರವಾದರೂ ವೈಫೈ 5ರಲ್ಲೇ ನಿಂತಿದೆ. ಅದಕ್ಕೆ ಸೋನಿ ಹೇಳುವುದು ಕನಿಷ್ಠ 5 ಎಂಬಿಪಿಎಸ್, ಚೆನ್ನಾಗಿರಬೇಕಾದರೆ 15.

ಹಳೆಯವು ಬೇರೆಯೇ ಕಾಲದವು. ಪಿಎಸ್ ವೀಟಾ 802.11 ಎನ್ ಹಿಡಿದರೂ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಮೊದಲ 3ಡಿಎಸ್‌ಗೆ ಎನ್‌ಗಿಂತ ಹಳೆಯ ಬಿ ಮತ್ತು ಜಿ ಮಾತ್ರ ಗೊತ್ತು. ಪಿಎಸ್‌ಪಿಗೆ ಬರೀ ಬಿ. ಮೊದಲ ನಿಂಟೆಂಡೊ ಡಿಎಸ್‌ಗೆ ಡಬ್ಲ್ಯುಇಪಿ ಎಂಬ ಹಳೆಯ ವೈಫೈ ಭದ್ರತೆ ಬಿಟ್ಟು ಬೇರೆ ಬೀಗವೇ ತಿಳಿಯದು. ಇವುಗಳ ವಿಷಯ ಮುಂದೆ ಬರುತ್ತದೆ. ಮನೆಯಲ್ಲಿ ಇಂಥದ್ದೊಂದಿದ್ದರೆ ಅದನ್ನು ಓದದೆ ರೂಟರ್ ಕೊಳ್ಳಬೇಡಿ.

ಅಂದಮೇಲೆ ಸ್ವಿಚ್ ಲೈಟ್ ಒಂದೇ ಇರುವ ಮನೆಗೆ ವೈಫೈ 6 ರೂಟರ್ ತಂದರೆ ಆ ಕನ್ಸೋಲ್ ಅದರೊಡನೆ ವೈಫೈ 5ರಲ್ಲೇ ಮಾತಾಡುತ್ತದೆ. ಮನೆಯ ಫೋನುಗಳಿಗೆ ಉಪಯೋಗವಾಗಬಹುದು, ಆಟಕ್ಕಲ್ಲ. ಸ್ವಿಚ್ 2 ಅಥವಾ ಓಎಲ್‌ಇಡಿ ಡೆಕ್ ಇದ್ದರೆ ಮಾತ್ರ ಮೂರು ಸಾವಿರದ ಆಸುಪಾಸಿನ ಎಎಕ್ಸ್1500 ದರ್ಜೆಯ (ವೈಫೈ 6) ರೂಟರನ್ನು ಪರಿಗಣಿಸಿ.

ಡಬ್ಬದ ಮೇಲಿನ ಸಂಖ್ಯೆ ಓದುವ ಬಗೆ

ಎಸಿ1200 ಅಂತ ಬರೆದಿದ್ದರೆ 1200 ಎಂಬಿಪಿಎಸ್ ಸಿಗುತ್ತದೆಂದಲ್ಲ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಇವೆರಡನ್ನು ಕೂಡಿಸಿ ಮೇಲಕ್ಕೆ ಸರಿಸಿದ ಲೆಕ್ಕ ಅದು. ಕನ್ಸೋಲ್ ಒಂದು ಸಲಕ್ಕೆ ಒಂದೇ ಬ್ಯಾಂಡಿನಲ್ಲಿರುತ್ತದೆ. ಅದರಲ್ಲೂ 867 ಅನ್ನುವುದು ಗಾಳಿಯ ಮೇಲಿನ ಲಿಂಕ್ ವೇಗ. ನಿಜವಾಗಿ ಕೈಗೆ ಬರುವುದು ಹತ್ತಿರದಲ್ಲಿ ಕೂತರೂ ಅದರ ಅರ್ಧದಿಂದ ಮುಕ್ಕಾಲು ಪಾಲು. ಎಸಿ750 ಅಂದರೆ 300 ಮತ್ತು 433. ಎನ್300 ಅಂದರೆ 5 ಗಿಗಾಹರ್ಟ್ಸ್ ಇಲ್ಲವೇ ಇಲ್ಲ.

ಸಾವಿರದ ಆಸುಪಾಸಿನಲ್ಲಿ ಸಿಗುವ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಆರ್841ಎನ್ ಥರದ ಎನ್300 ರೂಟರುಗಳನ್ನು ಸ್ವಿಚ್‌ಗೋ ಡೆಕ್‌ಗೋ ಕೊಳ್ಳಬೇಡಿ. ಅವು ಕೆಟ್ಟವೆಂದಲ್ಲ, 2.4 ಗಿಗಾಹರ್ಟ್ಸ್ ಎಂಬ ಬೀದಿಯೇ ಕಿಕ್ಕಿರಿದಿದೆ. ಅಪಾರ್ಟ್‌ಮೆಂಟಿನಲ್ಲಿ ಕೂತು ಫೋನಿನಲ್ಲಿ ವೈಫೈ ಅನಲೈಜರ್ ಆ್ಯಪ್ ತೆರೆದರೆ ಇಪ್ಪತ್ತು ಮೂವತ್ತು ನೆಟ್‌ವರ್ಕ್ ಒಂದರ ಮೇಲೊಂದು ಬಿದ್ದಿರುವುದು ಕಾಣುತ್ತದೆ. ಮೈಕ್ರೋವೇವ್ ಒಲೆ ಕೂಡ ಇದೇ ಅಲೆಯಲ್ಲಿ ಸೋರುತ್ತದೆ. ಬ್ಲೂಟೂತ್ ಕೂಡ ಇಲ್ಲೇ. ಸ್ವಿಚ್‌ನ ಬದಿಯಿಂದ ಬಿಡಿಸಿ ಹಿಡಿದ ಜಾಯ್-ಕಾನ್ (ಗುಂಡಿಗಳ ಹಿಡಿಕೆ) ಬ್ಲೂಟೂತ್, ಅದಕ್ಕೆ ಸೇರಿಸಿದ ಹೆಡ್‌ಫೋನ್ ಬ್ಲೂಟೂತ್. ಜೊತೆಗೆ ವೈಫೈ ಕೂಡ 2.4ರಲ್ಲಿದ್ದರೆ ಒಂದೇ ಕೈ ಅಳತೆಯ ಯಂತ್ರದೊಳಗೆ ಮೂರೂ ಗುದ್ದಾಡುತ್ತವೆ. ಹೆಡ್‌ಫೋನ್ ಹಾಕಿದ ಕೂಡಲೇ ಆಟ ಜಗ್ಗುತ್ತದೆ ಅನ್ನುವವರ ತೊಂದರೆ ಬಹುಪಾಲು ಇಲ್ಲಿಂದ ಹುಟ್ಟುತ್ತದೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಎತ್ತಿದರೆ ಗುದ್ದಾಟ ನಿಲ್ಲುತ್ತದೆ.

ಇನ್ನು ಪೋರ್ಟ್. ಇಲ್ಲಿ ತುಂಬ ಜನ ಮೋಸಹೋಗುತ್ತಾರೆ. ಟಿಪಿ-ಲಿಂಕ್ ಆರ್ಚರ್ ಸಿ50, ಆರ್ಚರ್ ಸಿ6 ಎರಡೂ ಎಸಿ1200. ಆದರೆ ಸಿ50ರ ಹಿಂದಿನ ಪೋರ್ಟುಗಳು 10/100, ಸಿ6ರವು ಗಿಗಾಬಿಟ್. ನಿಮ್ಮ ಫೈಬರ್ ಪ್ಲಾನ್ 200 ಎಂಬಿಪಿಎಸ್ ಆಗಿದ್ದರೂ ಸಿ50ರ ಮೂಲಕ ಹಾದಾಗ 94ರ ಹತ್ತಿರ ಬಂದು ನಿಲ್ಲುತ್ತದೆ. ಪ್ಲಾನೇ 40, 50, 100 ಆಗಿದ್ದರೆ ಸಿ50 ದರ್ಜೆಯದ್ದು ಧಾರಾಳವಾಗಿ ಸಾಕು, ಐನೂರು ಆರುನೂರು ಉಳಿಯುತ್ತದೆ. ಆದರೆ ಪಿಸಿಯಿಂದ ಡೆಕ್‌ಗೆ ಸ್ಟ್ರೀಮ್ ಮಾಡುವ ಯೋಚನೆ ಇದ್ದರೆ ಪ್ಲಾನ್ ಎಷ್ಟೇ ಇರಲಿ, ಗಿಗಾಬಿಟ್ ಪೋರ್ಟ್ ಇರುವುದನ್ನೇ ತನ್ನಿ. ಪಿಸಿಯಿಂದ ರೂಟರಿಗೆ ಹೋಗುವ ದಾರಿ ಮನೆಯೊಳಗಿನದು, ಅದಕ್ಕೂ ಪ್ಲಾನಿಗೂ ಸಂಬಂಧವಿಲ್ಲ. ಡಿ-ಲಿಂಕ್ ಡಿಐಆರ್-825, ಟೆಂಡಾ ಎಸಿ10 ಕೂಡ ಗಿಗಾಬಿಟ್ ಪೋರ್ಟಿನ ಎಸಿ1200 ಗುಂಪಿನವು.

ಅಂಗಡಿಯವರಿಗೆ ಕೇಳಬೇಕಾದದ್ದು ಇಷ್ಟು: ಡ್ಯುಯಲ್ ಬ್ಯಾಂಡಾ (2.4, 5 ಎರಡೂ ಇದೆಯಾ), 5 ಗಿಗಾಹರ್ಟ್ಸ್‌ನಲ್ಲಿ 867 ಇದೆಯಾ, ಪೋರ್ಟ್ ಗಿಗಾಬಿಟ್ಟಾ, ಆ್ಯಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಕೊಡುವ ಮೋಡ್) ಇದೆಯಾ. ನಾಲ್ಕಕ್ಕೂ ಹೌದು ಅಂದರೆ ಆಂಟೆನಾ ಎಣಿಸುವ ಅಗತ್ಯವಿಲ್ಲ. ಹೊರಗೆ ಕಾಣುವ ಆಂಟೆನಾ ಸಂಖ್ಯೆಗೂ ಕನ್ಸೋಲಿಗೆ ಸಿಗುವ ಸಂಪರ್ಕಕ್ಕೂ ನೇರ ನಂಟಿಲ್ಲ. ಇನ್ನೊಂದು ಮಾತು: ಒಂದೇ ಹೆಸರಿನ ಮಾದರಿಯಲ್ಲಿ ಹಾರ್ಡ್‌ವೇರ್ ವರ್ಷನ್ ಬದಲಾದರೆ ಒಳಗಿನ ಚಿಪ್ಪೂ ಬದಲಾಗಿರಬಹುದು. ಅಡಿಭಾಗದ ಲೇಬಲ್ಲಿನಲ್ಲಿ ವರ್ಷನ್ ಸಂಖ್ಯೆ ಇರುತ್ತದೆ. ಫರ್ಮ್‌ವೇರ್ ಇಳಿಸುವಾಗ ಅದೇ ಸಂಖ್ಯೆಯದ್ದನ್ನೇ ಆರಿಸಿ. ತಪ್ಪಿದರೆ ರೂಟರ್ ಮತ್ತೆ ಏಳದೇ ಇರಬಹುದು.

ರೇಂಜ್ ಎಕ್ಸ್‌ಟೆಂಡರ್ ಅಂತ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಸಾಧನ ಅಗ್ಗಕ್ಕೆ ಸಿಗುತ್ತದೆ. ಆಟಕ್ಕೆ ಅದು ಬೇಡ. ಒಂದೇ ರೇಡಿಯೋದಲ್ಲಿ ಕೇಳಿ ಅದೇ ರೇಡಿಯೋದಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ, ಪ್ರತಿ ಪ್ಯಾಕೆಟ್ಟೂ ತಡವಾಗುತ್ತದೆ. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತಲೇ ಆಟ ಜಗ್ಗುವುದು ಇದರಿಂದಲೇ.

ಕೊಳ್ಳುವ ಮೊದಲು ಒಂದು ಪರೀಕ್ಷೆ

ಫೈಬರ್ ಹಾಕಿಸಿಕೊಂಡ ಮನೆಗಳಲ್ಲಿ ಕಂಪನಿಯವರು ಕೊಟ್ಟ ಓಎನ್‌ಟಿ ಡಬ್ಬದಲ್ಲೇ ವೈಫೈ ಇರುತ್ತದೆ. ಅದು ಡ್ಯುಯಲ್ ಬ್ಯಾಂಡ್ ಆಗಿದ್ದು ಆಡುವ ಕೋಣೆಯಲ್ಲೇ ಇದ್ದರೆ ಹೊಸ ರೂಟರಿಗೆ ದುಡ್ಡು ಹಾಕಬೇಕಿಲ್ಲ.

ಕನ್ಸೋಲ್ ಹಿಡಿದು ದಿನಾ ಕೂರುವ ಜಾಗದಲ್ಲೇ ಕೂತು ಫೋನಿನ ಅನಲೈಜರ್ ಆ್ಯಪ್ ನೋಡಿ. ನಿಮ್ಮ 5 ಗಿಗಾಹರ್ಟ್ಸ್ ನೆಟ್‌ವರ್ಕಿನ ಬಲ ಮೈನಸ್ 67 ಡಿಬಿಎಂಗಿಂತ ಚೆನ್ನಾಗಿದ್ದರೆ (ಮೈನಸ್ 50, ಮೈನಸ್ 60 ಹೀಗೆ) ಪರವಾಗಿಲ್ಲ. ಮೈನಸ್ 75ಕ್ಕಿಂತ ಕೆಳಗಿದ್ದರೆ ರೂಟರ್ ಹತ್ತಿರ ಬರಲೇಬೇಕು. ಆಮೇಲೆ ಪಿಂಗ್ ಆ್ಯಪ್ (ಕಳಿಸಿದ ಸಣ್ಣ ಸಂದೇಶ ಎಷ್ಟು ಬೇಗ ಮರಳುತ್ತದೆಂದು ಅಳೆಯುವುದು) ಒಂದರಲ್ಲಿ ರೂಟರಿನ ವಿಳಾಸವನ್ನೇ (192.168.1.1 ಅಥವಾ 192.168.0.1) ಎರಡು ನಿಮಿಷ ಪಿಂಗ್ ಮಾಡಿ. 3, 4, 3, 6, 4 ಮಿಲಿಸೆಕೆಂಡ್ ಹೀಗೆ ಬಂದರೆ ಗಾಳಿ ಶುದ್ಧವಾಗಿದೆ. 4, 5, 180, 6, 95, 4 ಹೀಗೆ ಹಾರಿದರೆ ತೊಂದರೆ ಮನೆಯೊಳಗಿನ ವೈಫೈಯದೇ; ಪ್ಲಾನ್ ಹೆಚ್ಚಿಸಿಕೊಂಡರೂ ಅದು ಹೋಗುವುದಿಲ್ಲ. ರೂಟರಿಗೆ ಪಿಂಗ್ ಸರಿಯಿದ್ದು ಹೊರಗಿನ ವಿಳಾಸಕ್ಕೆ ಮಾತ್ರ ಹಾರುತ್ತಿದ್ದರೆ ತೊಂದರೆ ಹೊರಗಿನ ಲೈನಿನದು. ಆಗ ಹೊಸ ರೂಟರ್ ತಂದು ಪ್ರಯೋಜನವಿಲ್ಲ.

ಈ ಎರಡು ನಿಮಿಷದ ಪರೀಕ್ಷೆ ಮಾಡದೆ ರೂಟರ್ ಕೊಳ್ಳುವುದು ಜ್ವರ ನೋಡದೆ ಮಾತ್ರೆ ನುಂಗಿದಂತೆ.

ಜಾಗ ಮತ್ತು ಕೇಬಲ್

5 ಗಿಗಾಹರ್ಟ್ಸ್ ಅಲೆ ಗೋಡೆಗೆ ಬೇಗ ಸೋಲುತ್ತದೆ. ಒಂದು ಇಟ್ಟಿಗೆ ಗೋಡೆ ದಾಟೀತು; ಎರಡು ಕಾಂಕ್ರೀಟ್ ಗೋಡೆ ದಾಟಿ ಆಡುವಷ್ಟು ಉಳಿಯುವುದು ಕಷ್ಟ. ಕರಾವಳಿಯ ದಪ್ಪ ಮುರಕಲ್ಲಿನ ಗೋಡೆ, ಬೆಂಗಳೂರಿನ ಹಳೆಯ ಮನೆಗಳ ಸೈಜುಗಲ್ಲಿನ ಗೋಡೆ, ಆರ್‌ಸಿಸಿ ಮಹಡಿ ಇವೆಲ್ಲ ಅದಕ್ಕೆ ಗಟ್ಟಿ ತಡೆ. ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಬೆನ್ನಿಗೆ, ಮುಚ್ಚಿದ ಷೋಕೇಸಿನೊಳಗೆ ರೂಟರ್ ಇಡಬೇಡಿ. ನೋಡಲು ಚೆಂದವಿಲ್ಲ ಅಂತ ಅಡಗಿಸಿಟ್ಟ ರೂಟರಿನಿಂದ ಆಟ ಕೆಟ್ಟಿರುವ ಮನೆಗಳು ಬಹಳ. ಎದೆಮಟ್ಟದಿಂದ ತಲೆಮಟ್ಟದ ಎತ್ತರ, ಸುತ್ತ ಬಯಲು, ಕೂರುವ ಜಾಗಕ್ಕೆ ನೇರ ನೋಟ: ಇದು ಒಳ್ಳೆಯ ಜಾಗ.

ಫೈಬರ್ ಡಬ್ಬ ಸಾಮಾನ್ಯವಾಗಿ ಬಾಗಿಲ ಹತ್ತಿರ ಇರುತ್ತದೆ, ಆಡುವುದು ಒಳಕೋಣೆಯಲ್ಲಿ. ಆದ್ದರಿಂದ ಓಎನ್‌ಟಿಯಿಂದ ಒಳಕೋಣೆಗೆ ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್ ಎಳೆದು ಅದರ ತುದಿಗೆ ಹೊಸ ರೂಟರ್ ಕೂರಿಸಬೇಕು. ಅಂಗಡಿಯಲ್ಲಿ ಪೂರ್ತಿ ತಾಮ್ರದ ಕೇಬಲ್ ಕೇಳಿ ತನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗ, ಆದರೆ ಬಗ್ಗಿಸಿದಲ್ಲಿ ಮುರಿಯುತ್ತದೆ, ತುದಿ ಬೇಗ ಸಡಿಲವಾಗುತ್ತದೆ.

ತುದಿ ಕಚ್ಚಿಸುವ ಕೆಲಸವನ್ನು ಹತ್ತಿರದಿಂದ ನೋಡಿ, ಯಾಕೆಂದರೆ ಅರ್ಧ ತೊಂದರೆ ಇಲ್ಲಿಯದು. ಕೇಬಲ್ಲಿನ ಹೊರ ಸಿಪ್ಪೆಯನ್ನು ಎರಡು ಮೂರು ಸೆಂಟಿಮೀಟರ್ ಸುಲಿದರೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿ ಬರುತ್ತವೆ. ಹುರಿ ಬಿಚ್ಚಿ, ನೇರ ಮಾಡಿ, ಆರ್‌ಜೆ45 ಕನೆಕ್ಟರಿನ ಕ್ಲಿಪ್ ಕೆಳಗೆ ಬರುವಂತೆ ಹಿಡಿದು ಎಡದಿಂದ ಬಲಕ್ಕೆ ಹೀಗೆ ಜೋಡಿಸಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿಗಳನ್ನು ಸಮನಾಗಿ ಕತ್ತರಿಸಿ 12–13 ಮಿಲಿಮೀಟರ್ ಉಳಿಸಿ, ಕನೆಕ್ಟರಿನ ಮೂತಿಯಲ್ಲಿ ಎಂಟೂ ತಾಮ್ರದ ಚುಕ್ಕಿ ಕಾಣುವವರೆಗೆ ತಳ್ಳಿ, ಆಮೇಲೆ ಕ್ರಿಂಪ್ ಮಾಡಬೇಕು. ಹೊರ ಸಿಪ್ಪೆಯೂ ಕನೆಕ್ಟರಿನ ಒಳಗೆ ಕಚ್ಚಿಕೊಂಡಿರಬೇಕು. ಇಲ್ಲದಿದ್ದರೆ ಎಳೆದಾಗ ತಂತಿ ಕಳಚುತ್ತದೆ. ಎರಡೂ ತುದಿಗೆ ಇದೇ ಕ್ರಮ.

ಕೆಲವರು ನಾಲ್ಕೇ ತಂತಿ ಕಚ್ಚಿಸಿ ಮುಗಿಸುತ್ತಾರೆ. ಇಂಟರ್ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್‌ಗಿಂತ ಮೇಲೇಳುವುದಿಲ್ಲ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಎಂಟು ತಂತಿ ಇದ್ದೂ ಒಂದು ಸರಿಯಾಗಿ ಕಚ್ಚದಿದ್ದರೆ ಇದೇ ಗತಿ. ಕೆಲಸ ಮುಗಿದ ಮೇಲೆ ಲ್ಯಾನ್ ಟೆಸ್ಟರ್ ಹಾಕಿಸಿ, 1ರಿಂದ 8ರವರೆಗೆ ಎಂಟೂ ದೀಪ ಎರಡೂ ಕಡೆ ಅದೇ ಕ್ರಮದಲ್ಲಿ ಹೊತ್ತಿಕೊಳ್ಳುವುದನ್ನು ನೋಡಿಯೇ ಹಣ ಕೊಡಿ.

ಹೊಸ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡುವುದು

ಓಎನ್‌ಟಿ ಒಂದು ರೂಟರ್, ನೀವು ತಂದದ್ದು ಇನ್ನೊಂದು. ಮನೆಯ ಸಾಧನಗಳ ವಿಳಾಸಗಳನ್ನು ಒಂದೇ ಹೊರ ವಿಳಾಸಕ್ಕೆ ಬದಲಿಸುವ ಕೆಲಸಕ್ಕೆ ನ್ಯಾಟ್ ಅನ್ನುತ್ತಾರೆ. ಎರಡೂ ರೂಟರ್ ಕೆಲಸ ಮಾಡಿದರೆ ಅದು ಎರಡು ಸಲ ನಡೆದು ಡಬಲ್ ನ್ಯಾಟ್ ಆಗುತ್ತದೆ: ವೆಬ್‌ಸೈಟ್, ವಿಡಿಯೋ ಎಲ್ಲ ಸರಿ, ಆದರೆ ಆಟದಲ್ಲಿ ಗೆಳೆಯರ ಕೋಣೆಗೆ ಸೇರಲು ಆಗದೇ ಇರಬಹುದು. ಇದನ್ನು ತಪ್ಪಿಸುವ ಸುಲಭ ದಾರಿ ಹೊಸದನ್ನು ಬರೀ ವೈಫೈ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮಾಡುವುದು.

1. ಹೊಸ ರೂಟರಿಗೆ ಕರೆಂಟ್ ಕೊಟ್ಟು, ಫೋನಿನಿಂದ ಅದರ ಲೇಬಲ್ಲಿನಲ್ಲಿರುವ ವೈಫೈಗೆ ಸೇರಿ, ಲೇಬಲ್ಲಿನ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ಅಡ್ಮಿನ್ ಪಾಸ್‌ವರ್ಡ್ ಹೊಸದಾಗಿ ಇಡಿ.
2. ಆಪರೇಷನ್ ಮೋಡ್ ಅನ್ನುವಲ್ಲಿ ಆ್ಯಕ್ಸೆಸ್ ಪಾಯಿಂಟ್ ಆರಿಸಿ, ಉಳಿಸಿ. ರೂಟರ್ ರೀಸ್ಟಾರ್ಟ್ ಆಗುತ್ತದೆ.
3. ಓಎನ್‌ಟಿಯ ಲ್ಯಾನ್ ಪೋರ್ಟಿನಿಂದ ಬಂದ ಕೇಬಲನ್ನು ಹೊಸದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಬರುವ ಪೋರ್ಟಿಗೆ) ಹಾಕಿ. ಓಎನ್‌ಟಿಯಲ್ಲಿ ಒಂದೇ ಗಿಗಾಬಿಟ್ ಪೋರ್ಟ್ ಇದ್ದು ಉಳಿದವು 10/100 ಇರುವ ಮಾದರಿಗಳೂ ಇವೆ. ಗಿಗಾಬಿಟ್‌ನದ್ದನ್ನೇ ಹುಡುಕಿ ಬಳಸಿ.
4. ಮೋಡ್ ಬದಲಾದ ಮೇಲೆ ರೂಟರಿಗೆ ಓಎನ್‌ಟಿ ಹೊಸ ವಿಳಾಸ ಕೊಟ್ಟಿರುತ್ತದೆ. ಹಳೆಯ ವಿಳಾಸಕ್ಕೆ ಪುಟ ತೆರೆಯದಿದ್ದರೆ ಹೆದರಬೇಡಿ. ಓಎನ್‌ಟಿಯ ಪುಟದಲ್ಲಿ ಸೇರಿದ ಸಾಧನಗಳ ಪಟ್ಟಿಯಲ್ಲಿ ಹೊಸ ವಿಳಾಸ ಸಿಗುತ್ತದೆ.
5. ಓಎನ್‌ಟಿಯ 5 ಗಿಗಾಹರ್ಟ್ಸ್ ಒಂದು ಚಾನಲ್‌ನಲ್ಲಿ, ಹೊಸದರದ್ದು ಇನ್ನೊಂದರಲ್ಲಿ ಇರಲಿ. ಒಂದಕ್ಕೆ 36 ಕೊಟ್ಟರೆ ಇನ್ನೊಂದಕ್ಕೆ 149.

ಆ್ಯಕ್ಸೆಸ್ ಪಾಯಿಂಟ್ ಮೋಡ್ ಇಲ್ಲದ ಹಳೆಯ ರೂಟರ್ ಕೈಯಲ್ಲಿದ್ದರೂ ಕೆಲಸ ಆಗುತ್ತದೆ: ಅದರ ವಿಳಾಸವನ್ನು ಓಎನ್‌ಟಿಯ ಸಾಲಿನಲ್ಲೇ ಆದರೆ ಬೇರೆ ಸಂಖ್ಯೆಗೆ (ಓಎನ್‌ಟಿ 192.168.1.1 ಇದ್ದರೆ ಇದಕ್ಕೆ 192.168.1.2) ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಕೇಬಲನ್ನು ವ್ಯಾನ್ ಬದಲು ಲ್ಯಾನ್ ಪೋರ್ಟಿಗೇ ಹಾಕಿ.

ಒಂದು ಸಂಗತಿ ತಿಳಿದಿರಲಿ. ಈ ಮೋಡಿನಲ್ಲಿ ಹೊಸ ರೂಟರಿನ ಕ್ಯುಓಎಸ್ (ಯಾವ ಸಾಧನಕ್ಕೆ ಮೊದಲ ದಾರಿ ಎಂಬ ಆಯ್ಕೆ), ಯುಪಿಎನ್‌ಪಿ (ಆಟಕ್ಕೆ ಬೇಕಾದ ಬಾಗಿಲನ್ನು ತಾನಾಗಿ ತೆರೆಯುವುದು), ಪೋರ್ಟ್ ಫಾರ್ವರ್ಡಿಂಗ್ (ಅದನ್ನೇ ಕೈಯಾರೆ ತೆರೆಯುವುದು) ಯಾವುದೂ ನಡೆಯುವುದಿಲ್ಲ. ಅವೆಲ್ಲ ಓಎನ್‌ಟಿಯಲ್ಲೇ ಮಾಡಬೇಕು. ಗೇಮಿಂಗ್ ಕ್ಯುಓಎಸ್ ಇದೆ ಅಂತ ಹೆಚ್ಚು ಬೆಲೆ ಕೊಟ್ಟು ತಂದು ಅದನ್ನು ಹೀಗೆ ಜೋಡಿಸಿದರೆ ಆ ಬೆಲೆ ದಂಡ.

ವೈಫೈ ಸೆಟ್ಟಿಂಗ್

ಸ್ಮಾರ್ಟ್ ಕನೆಕ್ಟ್ ನಿಲ್ಲಿಸಿ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಕನ್ಸೋಲ್ 2.4ಕ್ಕೆ ಅಂಟಿಕೊಂಡು ಕೂತರೂ ನಿಮಗೆ ತಿಳಿಯುವುದಿಲ್ಲ. ‘ಮನೆ’, ‘ಮನೆ-5ಜಿ’ ಅಂತ ಬೇರೆ ಹೆಸರಿಟ್ಟು (ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ) ಕನ್ಸೋಲಿಗೆ ಎರಡನೆಯದನ್ನು ಮಾತ್ರ ತೋರಿಸಿ. ಮೊದಲಿನದನ್ನು ಕನ್ಸೋಲ್ ನೆನಪಿಟ್ಟಿದ್ದರೆ ಅಳಿಸಿ.

5 ಗಿಗಾಹರ್ಟ್ಸ್ ಚಾನಲ್ ಆಟೋ ಬಿಡಬೇಡಿ. 36, 40, 44, 48 ಅಥವಾ 149, 153, 157, 161ರಲ್ಲಿ ಒಂದನ್ನು ಕೈಯಾರೆ ಕೊಡಿ, ಅಗಲ 80 ಮೆಗಾಹರ್ಟ್ಸ್ ಇರಲಿ. ಅಕ್ಕಪಕ್ಕದಲ್ಲಿ ನೆಟ್‌ವರ್ಕ್ ತುಂಬ ಇದ್ದರೆ 40ಕ್ಕೆ ಇಳಿಸಿ. ವೇಗ ಕಡಿಮೆಯಾದರೂ ತಡವರಿಕೆ ತಗ್ಗುತ್ತದೆ, ಆಟಕ್ಕೆ ಅದೇ ಬೇಕು. ನಡುವಿನ 52ರಿಂದ 144ರವರೆಗಿನ ಚಾನಲ್‌ಗಳನ್ನು ರೇಡಾರ್ ಜೊತೆ ಹಂಚಿಕೊಳ್ಳಬೇಕು. ರೂಟರ್ ಅಲ್ಲಿ ಶುರುಮಾಡುವ ಮೊದಲು ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು, ನಡುವೆ ರೇಡಾರ್ ಸದ್ದು ಕೇಳಿದರೆ ಚಾನಲ್ ಬಿಟ್ಟು ಓಡಬೇಕು. ಆಟದ ಮಧ್ಯೆ ಸಂಪರ್ಕ ಪೂರ್ತಿ ಕಡಿದು ಅರ್ಧ ನಿಮಿಷದ ಮೇಲೆ ಮರಳುವುದಕ್ಕೆ ಇದೂ ಒಂದು ಕಾರಣ.

2.4ರಲ್ಲಿ 1, 6, 11 ಇವುಗಳಲ್ಲೇ ಒಂದು, ಅಗಲ 20. ಭಾರತದಲ್ಲಿ 12, 13 ಕೂಡ ಉಪಯೋಗಿಸಬಹುದು. ಆದರೆ ಅಮೆರಿಕದ ಮಾರುಕಟ್ಟೆಗೆ ಮಾಡಿದ ಸಾಧನಗಳು ಸಾಮಾನ್ಯವಾಗಿ ಆ ಎರಡನ್ನು ನೋಡುವುದಿಲ್ಲ. ನಮ್ಮಲ್ಲಿ ಸ್ವಿಚ್, ಡೆಕ್ ಎಲ್ಲ ಹೊರದೇಶದಿಂದ ತರಿಸಿದವೇ ಆದ್ದರಿಂದ ಫೋನಿಗೆ ಕಾಣುವ ವೈಫೈ ಕನ್ಸೋಲಿಗೆ ಕಾಣದಿದ್ದರೆ ಚಾನಲ್ ಸಂಖ್ಯೆಯನ್ನೇ ಮೊದಲು ನೋಡಿ.

ಭದ್ರತೆಗೆ ಡಬ್ಲ್ಯುಪಿಎ2, ಎಇಎಸ್. ಡಬ್ಲ್ಯುಪಿಎ2 ಮತ್ತು 3 ಬೆರೆತ ಮೋಡಿನಲ್ಲಿ ಕನ್ಸೋಲ್ ಸೇರಲು ತಕರಾರು ಮಾಡಿದರೆ ಬರೀ 2ಕ್ಕೆ ಇಳಿಸಿ ನೋಡಿ. ಸ್ಟ್ರೀಮ್ ಮಾಡುವವರು ಗೆಸ್ಟ್ ನೆಟ್‌ವರ್ಕ್ ಬಳಸಬಾರದು, ಎಪಿ ಐಸೊಲೇಷನ್ (ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯುವುದು) ಆಫ್ ಇರಬೇಕು. ಇಲ್ಲದಿದ್ದರೆ ಡೆಕ್‌ಗೆ ಪಿಸಿ ಕಾಣುವುದೇ ಇಲ್ಲ. ಪಿಸಿ ಅಥವಾ ಪಿಎಸ್5ಅನ್ನು ಕೇಬಲ್ಲಿನಲ್ಲೇ ಸೇರಿಸಿ. ಎರಡೂ ಕಡೆ ವೈಫೈ ಆದರೆ ಒಂದೇ ಗಾಳಿಯನ್ನು ಎರಡು ಸಲ ಬಳಸಿದಂತಾಗುತ್ತದೆ.

ನ್ಯಾಟ್: ರೂಟರ್ ಬದಲಿಸಿದರೂ ಹೋಗದ ತೊಂದರೆ

ಸ್ವಿಚ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಇಂಟರ್ನೆಟ್, ಅಲ್ಲಿ ಟೆಸ್ಟ್ ಕನೆಕ್ಷನ್ ಒತ್ತಿದರೆ ವೇಗದ ಜೊತೆ ನ್ಯಾಟ್ ಟೈಪ್ ಬರುತ್ತದೆ. ಎ ಅಥವಾ ಬಿ ಬಂದರೆ ನೆಮ್ಮದಿ. ಸಿ ಬಂದರೆ ಕೆಲವರ ಜೊತೆ ಆಗುತ್ತದೆ, ಕೆಲವರ ಜೊತೆ ಇಲ್ಲ. ಡಿ ಬಂದರೆ ಎ ಇರುವವರ ಜೊತೆ ಮಾತ್ರ. ಎಫ್ ಬಂದರೆ ದಾರಿ ಮುಚ್ಚಿದೆ. ಆಟದ ನಡುವೆ 2618-0516 ಎಂಬ ದೋಷ ಸಂಖ್ಯೆ ಕಂಡರೂ ಅದು ನ್ಯಾಟ್ ತೊಂದರೆಯೇ.

ಮಾರಿಯೋ ಕಾರ್ಟ್ 8, ಸ್ಮ್ಯಾಶ್, ಸ್ಪ್ಲಾಟೂನ್ ಥರದ ಆಟಗಳಲ್ಲಿ ಆಟಗಾರರ ಕನ್ಸೋಲ್‌ಗಳು ನೇರವಾಗಿ ಸೇರಿಕೊಳ್ಳುತ್ತವೆ, ಹಾಗಾಗಿ ನ್ಯಾಟ್ ಮುಖ್ಯ. ಫೋರ್ಟ್‌ನೈಟ್ ಥರ ಕಂಪನಿಯ ಸರ್ವರಿಗೆ ಎಲ್ಲರೂ ಸೇರುವ ಆಟಗಳಲ್ಲಿ ಅಷ್ಟು ಕಾಡುವುದಿಲ್ಲ.

ಡಿ ಬಂದರೆ ಮೊದಲು ಡಬಲ್ ನ್ಯಾಟ್ ಇದೆಯಾ ನೋಡಿ, ಆಮೇಲೆ ಓಎನ್‌ಟಿಯಲ್ಲಿ ಯುಪಿಎನ್‌ಪಿ ಆನ್ ಮಾಡಿ ರೀಸ್ಟಾರ್ಟ್ ಮಾಡಿ. ಆಗಲೂ ಬದಲಾಗದಿದ್ದರೆ ಓಎನ್‌ಟಿಯ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ, ಅಥವಾ 10ರಿಂದ ಶುರುವಾಗಿದ್ದರೆ, ನಿಮ್ಮ ಕಂಪನಿ ಹಲವು ಗಿರಾಕಿಗಳನ್ನು ಒಂದೇ ಹೊರ ವಿಳಾಸದ ಹಿಂದೆ ನಿಲ್ಲಿಸಿದೆ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ಆಗ ಮನೆಯ ರೂಟರಿನಲ್ಲಿ ಏನು ಬದಲಿಸಿದರೂ ಬಾಗಿಲು ತೆರೆಯುವುದು ಬೀದಿಗಲ್ಲ, ಪಡಸಾಲೆಗೆ ಮಾತ್ರ. ಕಂಪನಿಗೆ ಫೋನ್ ಮಾಡಿ ಪಬ್ಲಿಕ್ ಅಥವಾ ಸ್ಟ್ಯಾಟಿಕ್ ಐಪಿ ಕೇಳಿ. ಕೆಲವರು ಹೆಚ್ಚುವರಿ ಹಣಕ್ಕೆ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಸಿಜಿನ್ಯಾಟ್ ಹಿಂದಿದ್ದೂ ಬಿ ಬರುವುದುಂಟು. ಹಾಗಿದ್ದರೆ ಏನನ್ನೂ ಮುಟ್ಟಬೇಡಿ.

ಸ್ವಿಚ್‌ನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್ ಲೆಕ್ಕದಲ್ಲಿ) ಮೊದಲಿಂದ 1400 ಇರುತ್ತದೆ. ಇಳಿಸಿಕೊಳ್ಳುವುದು ತೀರಾ ನಿಧಾನವೆನಿಸಿದರೆ 1500 ಕೊಟ್ಟು ನೋಡಬಹುದು. ನಿಮ್ಮ ಲೈನ್ ಪಿಪಿಪಿಓಇ (ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಬಗೆ) ಆಗಿದ್ದರೆ ಅದಕ್ಕೇ 8 ಬೈಟ್ ಹೋಗುವುದರಿಂದ 1492 ಸರಿ.

ಡಿಎಸ್, ಪಿಎಸ್‌ಪಿ, ವೀಟಾ ಇದ್ದರೆ

ಈ ಹಳೆಯ ಯಂತ್ರಗಳಿಗೆ ಹೊಸ ರೂಟರಿಗಿಂತ ಅಟ್ಟದ ಮೇಲಿರುವ ಹಳೆಯ ಎನ್150, ಎನ್300 ರೂಟರೇ ಚೆನ್ನು. ನಿಂಟೆಂಡೊದ ಡಿಎಸ್ ಆನ್‌ಲೈನ್ ಸೇವೆ 2014ರ ಮೇ 20ಕ್ಕೆ, 3ಡಿಎಸ್‌ನದ್ದು 2024ರ ಏಪ್ರಿಲ್‌ನಲ್ಲಿ ನಿಂತಿತು. ಆದರೂ ವಿಮ್‌ಫಿ, ಪ್ರೆಟೆಂಡೊ ಥರದ ಸರ್ವರುಗಳನ್ನು ಅಭಿಮಾನಿಗಳು ನಡೆಸುತ್ತಿರುವುದರಿಂದ ಇವುಗಳನ್ನು ನೆಟ್‌ಗೆ ಸೇರಿಸುವವರು ಇನ್ನೂ ಇದ್ದಾರೆ.

ಡಿಎಸ್‌ನ ಕಷ್ಟ ಡಬ್ಲ್ಯುಇಪಿ. ಡಿಎಸ್‌ಐ, 3ಡಿಎಸ್ ಯಂತ್ರಕ್ಕೆ ಡಬ್ಲ್ಯುಪಿಎ2 ಗೊತ್ತಿದ್ದರೂ ಅವುಗಳಲ್ಲಿ ಹಾಕಿದ ಹಳೆಯ ಡಿಎಸ್ ಕಾರ್ಟ್ರಿಜ್ ಮಾತ್ರ ಡಬ್ಲ್ಯುಇಪಿ ಅಥವಾ ಬೀಗವಿಲ್ಲದ ನೆಟ್‌ವರ್ಕನ್ನೇ ಕೇಳುತ್ತದೆ. ಹೊಸ ರೂಟರುಗಳಲ್ಲಿ ಡಬ್ಲ್ಯುಇಪಿ ತೆಗೆದುಹಾಕಿರುತ್ತಾರೆ, ಅದು ಸರಿಯೂ ಹೌದು; ಆ ಬೀಗವನ್ನು ನಿಮಿಷಗಳಲ್ಲಿ ಮುರಿಯಬಹುದು. ಆದ್ದರಿಂದ ಮನೆಯ ಮುಖ್ಯ ವೈಫೈಯನ್ನು ಎಂದೂ ಡಬ್ಲ್ಯುಇಪಿಗೆ ಇಳಿಸಬೇಡಿ. ಹಳೆಯ ರೂಟರನ್ನು ಡಿಎಸ್‌ಗೆಂದೇ ಬೇರೆ ಇಟ್ಟು, 802.11 ಬಿ/ಜಿ ಮೋಡ್, ಚಾನಲ್ 1 ಅಥವಾ 6, ಡಬ್ಲ್ಯುಇಪಿ ಕೊಟ್ಟು, ಮ್ಯಾಕ್ ಫಿಲ್ಟರಿನಲ್ಲಿ ಡಿಎಸ್ ಒಂದನ್ನೇ ಸೇರಿಸಿ, ಆಡಿ ಮುಗಿದ ಕೂಡಲೇ ಆ ರೂಟರನ್ನು ಆಫ್ ಮಾಡಿ. ಮ್ಯಾಕ್ ಫಿಲ್ಟರ್ ತಿಳಿದವರನ್ನು ತಡೆಯುವುದಿಲ್ಲ. ನಿಜವಾದ ಕಾವಲು ಆಫ್ ಮಾಡುವುದೇ. ಈ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡಬೇಡಿ, ರೂಟರ್ ಆಗಿಯೇ ಬಿಡಿ. ಓಎನ್‌ಟಿಯಲ್ಲಿ ಗೆಸ್ಟ್ ಸೌಲಭ್ಯವಿರುವ ಪೋರ್ಟ್ ಇದ್ದರೆ ಅಲ್ಲಿಗೆ ಸೇರಿಸಿ.

ಪಿಎಸ್‌ಪಿಗೆ ಡಬ್ಲ್ಯುಪಿಎ ತಿಳಿಯುತ್ತದೆ, ಡಬ್ಲ್ಯುಪಿಎ2 ತಿಳಿಯದು. ವೀಟಾಗೆ ಡಬ್ಲ್ಯುಪಿಎ2 ತಿಳಿಯುತ್ತದೆ, 5 ಗಿಗಾಹರ್ಟ್ಸ್ ತಿಳಿಯದು. ವೈಫೈ 6 ರೂಟರಿನ 2.4 ಬ್ಯಾಂಡ್ ವೀಟಾಗೋ 3ಡಿಎಸ್‌ಗೋ ಕಾಣದಿದ್ದರೆ ಆ ಬ್ಯಾಂಡನ್ನು ಎಎಕ್ಸ್‌ನಿಂದ ಬಿ/ಜಿ/ಎನ್ ಬೆರೆತ ಮೋಡಿಗೆ ಇಳಿಸಿ.

ಕರೆಂಟ್ ಹೋದಾಗ

ಕೈಯಲ್ಲಿ ಹಿಡಿದ ಕನ್ಸೋಲಿಗೆ ಬ್ಯಾಟರಿ ಇದೆ, ರೂಟರಿಗಿಲ್ಲ. ಕರೆಂಟ್ ಹೋದ ಕ್ಷಣ ಆನ್‌ಲೈನ್ ಆಟ ಮುರಿಯುತ್ತದೆ. ಅರೆಕ್ಷಣ ಹೋಗಿ ಬಂದರೂ ಓಎನ್‌ಟಿ ಮತ್ತೆ ಏಳಲು ಎರಡು ಮೂರು ನಿಮಿಷ. ಇನ್ವರ್ಟರ್ ಇಲ್ಲದ ಮನೆಗೆ ರೂಟರಿನ ಮಿನಿ ಯುಪಿಎಸ್ ತರಿಸಿ. ಕೊಳ್ಳುವ ಮೊದಲು ಎರಡೂ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಓದಿ: ಹೆಚ್ಚಿನವು 12 ವೋಲ್ಟ್, ಆದರೆ ಅಗ್ಗದ ರೂಟರುಗಳಲ್ಲಿ 9 ವೋಲ್ಟಿನವೂ ಇವೆ. 9ರ ರೂಟರಿಗೆ 12 ಕೊಟ್ಟರೆ ಸುಡಬಹುದು. 12 ವೋಲ್ಟ್ 2 ಆಂಪಿಯರ್ ಯುಪಿಎಸ್‌ನಿಂದ ಕವಲು ವೈರ್ ಹಾಕಿ ಓಎನ್‌ಟಿ, ರೂಟರ್ ಎರಡನ್ನೂ ನಡೆಸಬಹುದು, ಎರಡೂ 12 ವೋಲ್ಟಿನವಾಗಿದ್ದು ಒಟ್ಟು 2 ಆಂಪಿಯರ್ ಮೀರದಿದ್ದರೆ.

ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಕೊಳ್ಳಿ. ಒಳಗೆ 2000 ಎಂಎಎಚ್‌ನ ನಾಲ್ಕು ಸೆಲ್ ಇದ್ದರೆ 2 × 3.7 × 4, ಅಂದರೆ ಸುಮಾರು 30 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಐದನೇ ಒಂದು ಪಾಲು ಹೋಗುತ್ತದೆ, ಉಳಿಯುವುದು 24. ಓಎನ್‌ಟಿ ಮತ್ತು ರೂಟರ್ ಸೇರಿ 12 ವ್ಯಾಟ್ ಎಳೆದರೆ ಎರಡು ಗಂಟೆ. ಓಎನ್‌ಟಿಯನ್ನು ಬಿಟ್ಟು ರೂಟರಿಗೆ ಮಾತ್ರ ಯುಪಿಎಸ್ ಹಾಕಿದರೆ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ, ಆನ್‌ಲೈನಿನಲ್ಲಿ ಹಳೆಯ ರೂಟರುಗಳು ಅರ್ಧ ಬೆಲೆಗೆ ಸಿಗುತ್ತವೆ, ತಪ್ಪಿಲ್ಲ. ವ್ಯಾನ್ ಪೋರ್ಟ್ ಆರ್‌ಜೆ45 ಇದೆಯಾ ನೋಡಿ. ಸಣ್ಣ ಟೆಲಿಫೋನ್ ಪೋರ್ಟ್ ಇರುವುದು ಹಳೆಯ ಎಡಿಎಸ್‌ಎಲ್ ಮೋಡೆಮ್. ಇಂಟರ್ನೆಟ್ ಕಂಪನಿಯ ಹೆಸರು ಅಚ್ಚಾಗಿರುವುದನ್ನು ಬಿಡಿ, ಅವುಗಳ ಫರ್ಮ್‌ವೇರ್‌ಗೆ ಬೀಗ ಹಾಕಿರುತ್ತಾರೆ. ಮೂಲ ಅಡಾಪ್ಟರ್ ಕೇಳಿ ಪಡೆಯಿರಿ. ಅಲ್ಲೇ ಕರೆಂಟ್ ಕೊಟ್ಟು, ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡ್ ಒತ್ತಿ, ಫೋನಿನಲ್ಲಿ ಎರಡೂ ಬ್ಯಾಂಡ್ ಕಾಣುವವರೆಗೆ ಕಾಯಿರಿ. 2.4 ಬಂದು 5 ಬಾರದಿದ್ದರೆ ಆ ರೇಡಿಯೋ ಸತ್ತಿದೆ. ಅಂಥದ್ದು ಹಳೆಯ ಡಿಎಸ್‌ಗೆ ಆದೀತು, ಸ್ವಿಚ್‌ಗೆ ಆಗದು.